ಮೇಲಿನ ಕತ್ತಲೆ ವೇಸ್ಟ್ ಅಲ್ಲ: ದಾವಣಗೆರೆಯಲ್ಲಿ ಒಂದು ಕ್ಯಾನ್ವಾಸ್ ಪ್ರಿಂಟ್ ಮಾಡಿಸಿದ ಕಥೆ

ಪಿ.ಜೆ. ಬಡಾವಣೆಯ ಕಡೆ ಇರುವ ಒಂದು ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲಿ ಕ್ಯಾನ್ವಾಸ್ ಮೇಲೆ ಚಿತ್ರ ಮಾಡಿಸಿದೆ. ಮೊದಲನೇ ಪ್ರಿಂಟಿಗೆ ಒಂದು ಸ್ಟಾರ್, ಎರಡನೆಯದಕ್ಕೆ ನಾಲ್ಕೂವರೆ. ಕೂಡಿಸಿ ಭಾಗಿಸಿದರೆ ಮೂರರ ಹತ್ತಿರ ಬರುತ್ತದೆ, ಅಷ್ಟೇ ಕೊಟ್ಟಿದ್ದೇನೆ. ಅಂಗಡಿ ಹೆಸರು ಹಾಕುತ್ತಿಲ್ಲ. ತಪ್ಪು ಒಪ್ಪಿಕೊಂಡವರನ್ನು ಬೀದಿಗೆ ಎಳೆಯುವುದು ನನಗೆ ಸರಿ ಕಾಣಲಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಪ್ಪತ್ತೇಳು ವರ್ಷ ಬೋರ್ಡ್ ಬರೆದವನು. ಮಂಡಿಪೇಟೆಯ ಅಂಗಡಿಗಳ ಬೋರ್ಡು, ಲಾರಿ ಹಿಂಬದಿ, ಚುನಾವಣೆ ಗೋಡೆ, ಸಿನಿಮಾ ಕಟೌಟು, ಯಾವುದನ್ನೂ ಬಿಟ್ಟಿಲ್ಲ. ಫ್ಲೆಕ್ಸ್ ಬಂದಮೇಲೆ ಬ್ರಷ್ಷುಗಳು ಗಣೇಶನ ಹಬ್ಬಕ್ಕೆ ಮಾತ್ರ ಹೊರಗೆ ಬರುತ್ತವೆ. ಹೊಟ್ಟೆ ಮೇಲೆ ಹೊಡೆದ ಮಷಿನ್ನಿನ ಮುಂದೆಯೇ ಗಿರಾಕಿಯಾಗಿ ಹೋಗಿ ನಿಂತಿದ್ದೆ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಖಾರ ಹೆಚ್ಚಿದ್ದರೆ ಓದುವವರು ಕಳೆದುಕೊಂಡು ಓದಿ.

ಮಾಡಿಸಿದ ಚಿತ್ರ ಸ್ಪೇನ್ ರಾಜನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್ 1656ರಲ್ಲಿ ಬರೆದ 'ಲಾಸ್ ಮೆನಿನಾಸ್', ಅಂದರೆ ಸಖಿಯರು. ಮಗಳು ಕಂಪನಿ ಕೆಲಸಕ್ಕೆ ಮ್ಯಾಡ್ರಿಡ್‌ಗೆ ಹೋಗಿದ್ದಳು. ಅಲ್ಲಿನ ಪ್ರಾಡೊ ಮ್ಯೂಸಿಯಂನಲ್ಲಿ ಫೋಟೊ ತೆಗೆಯುವಂತಿಲ್ಲ, ಅದಕ್ಕೆ ಪೋಸ್ಟ್‌ಕಾರ್ಡ್ ತಂದಳು. ಅರಮನೆಯನ್ನೂ ನೋಡಿ ಬಂದಳು. ಸಿಂಹಾಸನದ ಕೋಣೆಯಲ್ಲಿ ಟಿಯೆಪೊಲೊ ಬರೆದ ಚಾವಣಿ ನೋಡಿ ನೋಡಿ ಕತ್ತು ನೋಯಿತು ಅಂದಳು. ನನಗೆ ಹಿಡಿದದ್ದು ಪೋಸ್ಟ್‌ಕಾರ್ಡೇ. ಐದು ವರ್ಷದ ರಾಜಕುಮಾರಿ ಮಾರ್ಗರಿಟಾ ನಡುವೆ ನಿಂತಿದ್ದಾಳೆ, ಆಚೆ ಈಚೆ ಇಬ್ಬರು ಸಖಿಯರು. ಅರಮನೆಯ ಕುಳ್ಳಿ ಮಾರಿಬಾರ್ಬೊಲಾ ಇದ್ದಾಳೆ, ಮಲಗಿದ ನಾಯಿಯ ಮೇಲೆ ಕಾಲಿಟ್ಟ ಹುಡುಗ ನಿಕೊಲಾಸ್ ಇದ್ದಾನೆ. ಎಡಕ್ಕೆ ದೊಡ್ಡ ಕ್ಯಾನ್ವಾಸಿನ ಮುಂದೆ ಬ್ರಷ್ ಹಿಡಿದು ಸ್ವತಃ ವೆಲಾಸ್ಕೆಸ್. ಹಿಂದಿನ ಗೋಡೆಯ ಪುಟ್ಟ ಕನ್ನಡಿಯಲ್ಲಿ ರಾಜ ನಾಲ್ಕನೇ ಫಿಲಿಪ್ ಮತ್ತು ರಾಣಿ. ಅಂದರೆ ಅವರು ನಿಂತಿರಬೇಕಾದ ಜಾಗದಲ್ಲಿ ಈಗ ನಾವು ನಿಂತಿದ್ದೇವೆ. ನಾವು ಬೋರ್ಡಿನ ಮೂಲೆಯಲ್ಲಿ ಸಣ್ಣಗೆ 'ಆರ್ಟ್ಸ್' ಅಂತ ಸಹಿ ಹಾಕಿ ಇಳಿಯುತ್ತಿದ್ದೆವು, ಈ ಮಹಾರಾಯ ಸಹಿ ಹಾಕುವುದು ಬಿಟ್ಟು ತಾನೇ ಬಂದು ನಿಂತಿದ್ದಾನೆ.

ಮೂಲ ಚಿತ್ರ ಹತ್ತಡಿಗೂ ಎತ್ತರ, ಒಂಬತ್ತಡಿಗೂ ಅಗಲ. ನಾನು ಕೇಳಿದ್ದು 36 ಇಂಚು ಅಗಲ, 41 ಇಂಚು ಎತ್ತರ. ಆ ಲೆಕ್ಕ ಬಿಟ್ಟರೆ ಚಿತ್ರ ಒಂದೋ ಹಿಗ್ಗುತ್ತದೆ, ಇಲ್ಲ ಕುಗ್ಗುತ್ತದೆ. ಕ್ಯಾನ್ವಾಸಿಗೆ ಚದರಡಿಗೆ 160 ರೂಪಾಯಿ ಅಂದರು. ಹತ್ತೂಕಾಲು ಚದರಡಿಗೆ 1,640, ಮರದ ಪಟ್ಟಿಗೆ ಎಳೆದು ಪಿನ್ನು ಹೊಡೆದು ಫ್ರೇಮ್ ಹಾಕಲು 1,150, ಒಟ್ಟು 2,790. ದರದ ಬಗ್ಗೆ ತಕರಾರಿಲ್ಲ. ಮೂರು ದಿನ ಅಂದವರು ಹನ್ನೊಂದು ದಿನ ಮಾಡಿದರು. ಅದು ನಮ್ಮ ಕಸುಬಿನಲ್ಲೂ ಇದ್ದದ್ದೇ, ಬಿಡಿ.

ಫೈಲಿನ ವಿಚಾರದಲ್ಲಿ ತಪ್ಪು ನನ್ನದೂ ಇದೆ. ವಾಟ್ಸಾಪಿನಲ್ಲಿ ಫೋಟೊ ಆಗಿಯೇ ಕಳಿಸಿದ್ದೆ, ಕುಗ್ಗಿ ಬೆರಳಷ್ಟಾಗಿತ್ತು. ದೊಡ್ಡ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲ ಪೆನ್‌ಡ್ರೈವಿನಲ್ಲಿ ಒಯ್ಯಬೇಕು. ಮಾಡಿಸುವವರು ನೆನಪಿಟ್ಟುಕೊಳ್ಳಿ.

ಈಗ ಮೊದಲನೇ ಪ್ರಿಂಟು. ಸುತ್ತಿದ ಕಾಗದ ಬಿಚ್ಚಿದೆ. ಚಿತ್ರ ಅಡ್ಡ ಆಗಿದೆ! 36 ಅಗಲ, 24 ಎತ್ತರ. ವೆಲಾಸ್ಕೆಸ್‌ನ ತಲೆಗೂದಲು ಹೋಗಿ ಫ್ರೇಮಿಗೆ ತಾಗಿದೆ, ಬಸ್ಸಿನ ಬಾಗಿಲಲ್ಲಿ ತಲೆ ಬಗ್ಗಿಸಿದವನ ಹಾಗೆ.

"ಇದೇನಪ್ಪಾ, ಮೇಲಿನದು ಎಲ್ಲಿ?" ಅಂದೆ.

"ಮೇಲೆ ಏನೂ ಇರಲಿಲ್ಲ ಯಜಮಾನ್ರೇ, ಬರೀ ಕಪ್ಪು. ವೇಸ್ಟ್ ಆಗುತ್ತೆ ಅಂತ ಕಟ್ ಮಾಡಿದ್ವಿ. ಸೋಫಾ ಮೇಲೆ ಹಾಕೋಕೆ ಈ ಸೈಜು ಚೆನ್ನಾಗಿರುತ್ತೆ," ಅಂದ ಕಂಪ್ಯೂಟರ್ ಮುಂದಿದ್ದ ಹುಡುಗ.

ಅವನ ಮೇಲೆ ಸಿಟ್ಟು ಬಂತು ಅಂದರೆ ಸುಳ್ಳಾಗುತ್ತದೆ. ನಾನೂ ಅವನ ವಯಸ್ಸಿನಲ್ಲಿ ಬೋರ್ಡಿನಲ್ಲಿ ಒಂದು ಗೇಣು ಜಾಗ ಖಾಲಿ ಕಂಡರೆ ಹೂವೋ ಬಳ್ಳಿಯೋ ಬರೆದು ತುಂಬಿಸುತ್ತಿದ್ದೆ, ಗಿರಾಕಿ ಕೊಟ್ಟ ದುಡ್ಡಿಗೆ ಮೋಸ ಆಗಬಾರದು ಅಂತ. ಆದರೆ ಈ ಚಿತ್ರದ ಮೇಲಿನ ಅರ್ಧದಲ್ಲಿ ಮನುಷ್ಯರೇ ಇಲ್ಲ. ಎತ್ತರದ ಗೋಡೆ, ಅದರ ಮೇಲೆ ಕತ್ತಲಲ್ಲಿ ಮುಳುಗಿದ ಎರಡು ದೊಡ್ಡ ಚಿತ್ರಗಳು, ಚಾವಣಿಯಲ್ಲಿ ದೀಪ ತೂಗುಹಾಕದ ಖಾಲಿ ಕೊಕ್ಕೆ. ಆ ಕತ್ತಲೆ ತಲೆ ಮೇಲಿದ್ದರೇನೇ ಕೆಳಗಿರುವ ಕೂಸು ಅಷ್ಟು ಪುಟ್ಟದಾಗಿ, ಅಷ್ಟು ಬೆಳಕಾಗಿ ಕಾಣುವುದು. ಕತ್ತರಿಸಿದ ಪ್ರಿಂಟಿನಲ್ಲಿ ಅದು ಬರೀ ಗ್ರೂಪ್ ಫೋಟೊ.

ಕತ್ತರಿಯೊಂದೇ ಆಗಿದ್ದರೆ ಆಗಲಿ ಅನ್ನಬಹುದಿತ್ತು. ಬ್ರೈಟ್‌ನೆಸ್ ಬೇರೆ ಏರಿಸಿದ್ದ. ಉಳಿದಿದ್ದ ಕಪ್ಪೆಲ್ಲ ನಮ್ಮ ಮಂಡಕ್ಕಿ ಭಟ್ಟಿಯ ಹೊಗೆ ಬಣ್ಣಕ್ಕೆ ತಿರುಗಿತ್ತು. ಕೆಂಪು ಕಣ್ಣಿಗೆ ಚುಚ್ಚುತ್ತಿತ್ತು. ಈ ಚಿತ್ರದಲ್ಲಿ ಕೆಂಪು ಕಡಿಮೆ, ಅಲ್ಲೊಂದು ಇಲ್ಲೊಂದು ಎದ್ದು ಕಾಣುತ್ತದೆ: ಕೂಸಿನ ಎದೆಯ ರಿಬ್ಬನ್ನು, ಸಖಿ ತಟ್ಟೆಯಲ್ಲಿಟ್ಟು ಕೊಡುತ್ತಿರುವ ಮಣ್ಣಿನ ಕುಡಿಕೆ, ಪ್ಯಾಲೆಟ್ಟಿನ ಮೇಲಿನ ಒಂದು ಚುಕ್ಕೆ, ವೆಲಾಸ್ಕೆಸ್‌ನ ಎದೆಯ ಶಿಲುಬೆ. ಆ ಕುಡಿಕೆ ಘಮ್ಮೆನ್ನುವ ಮಣ್ಣಿನದು. ಆ ಕಾಲದ ಅಲ್ಲಿನ ಹೆಂಗಸರು ನೀರು ಕುಡಿದು ಕುಡಿಕೆಯ ಚೂರನ್ನೂ ತಿನ್ನುತ್ತಿದ್ದರಂತೆ. ನನ್ನ ಹೆಂಡತಿಗೆ ಹೇಳಿದರೆ, "ಬಸುರಿಯಲ್ಲಿ ನಾನೂ ತಿಂದಿದ್ದೀನಲ್ಲ, ಅದೇನು ದೊಡ್ಡ ವಿಷಯ" ಅಂದಳು.

ಶಿಲುಬೆಯ ಕಥೆಯನ್ನು ಹುಡುಗನಿಗೆ ಹೇಳಲೇಬೇಕಾಯಿತು. ಅದು ಸಾಂಟಿಯಾಗೊ ಪಂಗಡದ ಗುರುತು, ದೊಡ್ಡ ಮನೆತನದವರಿಗೆ ಸಿಗುವ ಮರ್ಯಾದೆ. ಅದು ಬೇಕಾದರೆ ಕೈಕಸುಬಿನಿಂದ ಹೊಟ್ಟೆ ಹೊರೆದವನಲ್ಲ ಅಂತ ತೋರಿಸಬೇಕು. ನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿದರು. ಸ್ನೇಹಿತ ಕಲಾವಿದರು ಬಂದು, ಈತ ದುಡ್ಡಿಗಾಗಿ ಚಿತ್ರ ಮಾರಿದವನೇ ಅಲ್ಲ, ರಾಜನಿಗೋಸ್ಕರ ಬರೆದವನು ಅಂತ ಹೇಳಿದರು. 24ನೇ ವಯಸ್ಸಿಗೆ, 1623ರಲ್ಲಿ, ಆಸ್ಥಾನದ ಚಿತ್ರಕಾರನಾಗಿ ಅರಮನೆಯ ಸಂಬಳ ಎಣಿಸಿಕೊಂಡವನು! ಶಿಲುಬೆ ಸಿಕ್ಕಿದ್ದು 1659ರಲ್ಲಿ, ಮರುವರ್ಷ ಆಗಸ್ಟಿನಲ್ಲಿ ತೀರಿಕೊಂಡ. ಚಿತ್ರ ಮುಗಿದು ಮೂರು ವರ್ಷ ಆದಮೇಲೆ ಎದೆಯ ಮೇಲೆ ಬಂದು ಕೂತ ಕೆಂಪು ಅದು. ನನ್ನನ್ನು ಯಾರಾದರೂ ಹಾಗೆ ವಿಚಾರಿಸಿದರೆ ಬಾಕಿ ಉಳಿಸಿಕೊಂಡ ಗಿರಾಕಿಗಳೇ ನನ್ನ ಸಾಕ್ಷಿ: ಇವನು ದುಡ್ಡಿಗಾಗಿ ಬರೆದವನಲ್ಲ, ನಾವು ಕೊಟ್ಟೇ ಇಲ್ಲ ಅಂತ.

ಹುಡುಗ ನಕ್ಕ. ಆಮೇಲೆ ಮೆಲ್ಲಗೆ ಒಪ್ಪಿಕೊಂಡ, "ಫೇಸ್ ಕ್ಲೀನೂ ಮಾಡಿದ್ದೆ ಸರ್." ಮದುವೆ ಆಲ್ಬಮ್ಮಿನ ಅಭ್ಯಾಸ ಅದು. ಮಾರಿಬಾರ್ಬೊಲಾಳ ಮುಖವನ್ನು ನುಣ್ಣಗೆ ಮೈದಾ ಹಿಟ್ಟು ಮಾಡಿಟ್ಟಿದ್ದ. ಇಡೀ ಚಿತ್ರದಲ್ಲಿ ನೆಟ್ಟಗೆ ನಮ್ಮನ್ನೇ ನೋಡುವ, ಯಾರ ಹಂಗೂ ಇಲ್ಲದ ಮುಖ ಅದು. ರಾಜಕುಮಾರಿಯ ಕೆನ್ನೆಯನ್ನೂ ಮುಟ್ಟಿದ್ದ. ಆ ಕೆನ್ನೆ ಈಗಾಗಲೇ ಒಮ್ಮೆ ರಿಪೇರಿ ಆದದ್ದು. 1734ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಮ್ಯಾಡ್ರಿಡ್‌ನ ಹಳೇ ಅರಮನೆ ಅಲ್ಕಾಸರ್‌ಗೆ ಬೆಂಕಿ ಬಿತ್ತು. ಈ ಚಿತ್ರದಲ್ಲಿ ಕಾಣುವ ಕೋಣೆ ಇದ್ದದ್ದೇ ಅಲ್ಲಿ. 500ಕ್ಕೂ ಹೆಚ್ಚು ಚಿತ್ರಗಳು ಬೂದಿಯಾದವು, ಎಷ್ಟನ್ನೋ ಫ್ರೇಮಿನಿಂದ ಬಿಡಿಸಿ ಕಿಟಕಿಯಿಂದ ಎಸೆದು ಉಳಿಸಿಕೊಂಡರು. ಇದೂ ಉಳಿಯಿತು, ಆದರೆ ಕೂಸಿನ ಎಡಗೆನ್ನೆ ಹಾಳಾಗಿತ್ತು. ಗಾರ್ಸಿಯಾ ದೆ ಮಿರಾಂಡಾ ಎಂಬ ಆಸ್ಥಾನ ಕಲಾವಿದ ತಿದ್ದಿ ಬರೆದ. ಆಮೇಲೆ ಅದೇ ಜಾಗದಲ್ಲಿ ಎದ್ದ ಹೊಸ ಅರಮನೆಗೆ ಮರದ ಜಂತೆ ಬೇಡ ಅಂತ ಕಲ್ಲು ಇಟ್ಟಿಗೆಯ ಕಮಾನು ಕಟ್ಟಿದರು. ಮಗಳ ಕತ್ತು ನೋಯಿಸಿದ್ದು ಅದೇ ಅರಮನೆ. "ಬೆಂಕಿಯಿಂದ ಎದ್ದು ಬಂದ ಕೆನ್ನೆಯಪ್ಪಾ, ನೀನು ಮತ್ತೆ ತಿದ್ದಬೇಡ" ಅಂದೆ.

ಈ ಪ್ರಿಂಟ್ ಬೇಡ ಅಂದಾಗ ಮಾಲೀಕರು ಮುಖ ಗಂಟು ಹಾಕಿದರು. ಹಿಂದೆ ಈ ನಾಲ್ಕನೇ ಫಿಲಿಪ್‌ನ ಅಜ್ಜ, ರಾಜ ಎರಡನೇ ಫಿಲಿಪ್‌ಗೂ ಹೀಗೇ ಆಗಿತ್ತು: ಎಲ್ ಗ್ರೆಕೊ ಎಂಬ ಕಲಾವಿದ ಎಸ್ಕೋರಿಯಲ್ ಮಠಕ್ಕೆ ಬರೆದುಕೊಟ್ಟ ಸಂತ ಮಾರಿಸ್‌ನ ಚಿತ್ರ ಹಿಡಿಸಲಿಲ್ಲ. ದುಡ್ಡು ಕೊಟ್ಟ, ಚಿತ್ರವನ್ನು ಬೇರೆ ಕಡೆ ಇಡಿಸಿ ಇನ್ನೊಬ್ಬನ ಕೈಲಿ ಮತ್ತೊಂದು ಬರೆಸಿದ. ನಾನು ಅಷ್ಟು ದೊಡ್ಡ ಗಿರಾಕಿಯಲ್ಲ, ಎರಡಕ್ಕೂ ಕೊಡಲಾರೆ ಅಂತ ಕೂತೆ. ಹಾಳೆಯಲ್ಲಿ ಅಳತೆ ಬರೆದುಕೊಟ್ಟಿದ್ದನ್ನು ತೋರಿಸಿದಮೇಲೆ ಮಾಲೀಕರು ಹೂಂ ಅಂದರು, ಪೈಸೆ ಹೆಚ್ಚು ಕೇಳಲಿಲ್ಲ. ನಾಲ್ಕೂವರೆ ಸ್ಟಾರಿನಲ್ಲಿ ಒಂದು ಇದಕ್ಕೇ.

ಎರಡನೇ ಸಲ ನಾನೇ ಮಷಿನ್ ಪಕ್ಕ ನಿಂತೆ. ಕತ್ತಲೆ ಎಂಥ ಪರೀಕ್ಷೆ ಅಂತ ಆಗ ಗೊತ್ತಾಯಿತು. ಇಂಕಿನ ಹೆಡ್ಡಿನಲ್ಲಿ ಒಂದೆರಡು ತೂತು ಕಟ್ಟಿಕೊಂಡಿದ್ದರೂ ಬಿಳಿ ಸೀರೆಯಲ್ಲಿ, ಹೂವಿನಲ್ಲಿ ಕಾಣುವುದಿಲ್ಲ. ಒಂದೇ ಸಮ ಕಪ್ಪಿನಲ್ಲಿ ಮಾತ್ರ ಕೂದಲೆಳೆಯ ಅಡ್ಡಗೆರೆಗಳಾಗಿ ಎದ್ದು ಕಾಣುತ್ತದೆ. ಒಂದಡಿ ಪ್ರಿಂಟ್ ಆಗುವಷ್ಟರಲ್ಲಿ ಹುಡುಗ ತಾನೇ ನಿಲ್ಲಿಸಿದ. ಹೆಡ್ ಕ್ಲೀನ್ ಮಾಡಿ, ಟೆಸ್ಟ್ ಪಟ್ಟಿ ತೆಗೆದು, ಮೊದಲಿಂದ ಶುರು ಮಾಡಿದ. ಅದನ್ನು ನೋಡಿದಮೇಲೆ ಅವನನ್ನು ಆಪರೇಟರ್ ಅನ್ನಲು ಬಾಯಿ ಬರಲಿಲ್ಲ, ಅವನೂ ನಮ್ಮ ಕಸುಬಿನವನೇ.

ಈಗ ಚಿತ್ರ ನಮ್ಮ ನಡುಮನೆಯಲ್ಲಿದೆ, ಬಾಗಿಲಿಗೆ ಎದುರಾಗಿ. ಎಂಟಡಿ ದೂರದಿಂದ ನೋಡಿದರೆ ಕೂಸಿನ ತೋಳಿನ ಜರಿ ಮಿಣಮಿಣ ಅನ್ನುತ್ತದೆ. ಹತ್ತಿರ ಹೋದರೆ ಜರಿ ಮಾಯ, ಬೂದು ಬಿಳಿಯ ನಾಲ್ಕು ಗೀರು ಅಷ್ಟೇ. ಕಟೌಟ್ ಬರೆದವರಿಗೆ ಈ ವಿದ್ಯೆ ಗೊತ್ತು, ರಸ್ತೆಯಾಚೆ ನಿಂತವನ ಕಣ್ಣಿಗೆ ಬರೆಯುವುದು. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು, ಚಿತ್ರದ ಹಿಂಬದಿಯ ಬಾಗಿಲ ಮೆಟ್ಟಿಲ ಮೇಲೆ ನಿಂತ ಅರಮನೆಯ ಅಧಿಕಾರಿ ಹೋಸೆ ನಿಯೆಟೊನ ತಲೆಯ ಮೇಲೆ ಇನ್ನೂ ಒಂದು ಗೆರೆ ಉಳಿದಿದೆ, ಅದಕ್ಕೆ. ಹಿಂದಿನ ಕೊಕ್ಕೆಯೂ ತೆಳು, ನಾನೇ ಬದಲಾಯಿಸಿದೆ.

ಮೊನ್ನೆ ಬೇರೆ ಕೆಲಸಕ್ಕೆ ಆ ಅಂಗಡಿಗೆ ಹೋಗಿದ್ದೆ. ನಾನು ಬಿಟ್ಟು ಬಂದ ಮೊದಲನೇ ಪ್ರಿಂಟನ್ನು ಗಾಜಿನ ಬಾಗಿಲ ಪಕ್ಕ ನೇತುಹಾಕಿದ್ದಾರೆ. ಕೆಳಗೆ ಸ್ಟಿಕ್ಕರು: 'ಸ್ಪೇನ್ ರಾಜರ ಫ್ಯಾಮಿಲಿ, ಸೋಫಾ ಸೈಜ್, 1,500'. ಆಗಲೇ ಇಬ್ಬರು ಆರ್ಡರ್ ಕೊಟ್ಟಿದ್ದಾರಂತೆ.