ಬರೆತ್ತಿಯ ಪ್ರವಾಸ ಕಥನ: ಮರುಮುದ್ರಣದ ನಾಲ್ಕು ಸಂಪುಟಗಳು

ಜುಸೆಪ್ಪೆ ಬರೆತ್ತಿ ಲಂಡನ್ನಿನಿಂದ ಜಿನೋವಾವರೆಗೆ ಮಾಡಿದ ಪ್ರಯಾಣದ ಪತ್ರರೂಪದ ಕಥನವನ್ನು ಗಾಂಧಿ ಬಜಾರಿನ ಸಮೀಪದ ಪುಸ್ತಕದಂಗಡಿಯೊಂದರ ಮೂಲಕ ತರಿಸಿಕೊಂಡು ಓದಿದೆ. ಇದು 1770ರ ಇಂಗ್ಲಿಷ್ ಪುಟಗಳನ್ನೇ ಸ್ಕ್ಯಾನ್ ಮಾಡಿ, ಬೇಡಿಕೆ ಬಂದಾಗ ಅಚ್ಚು ಹಾಕಿಕೊಡುವ ಬಗೆಯ ಆವೃತ್ತಿ.

1719ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಹುಟ್ಟಿದ ಈ ವಿಮರ್ಶಕ 1751ರಲ್ಲಿ ಲಂಡನ್ ಸೇರಿ, ಇಟಾಲಿಯನ್ ಪಾಠ ಹೇಳಿ ಜೀವನ ಸಾಗಿಸುತ್ತಲೇ, ಅಲ್ಲಿ ರೂಢಿಸಿಕೊಂಡ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆಯುವಷ್ಟು ಪಳಗಿದ. 1760ರಲ್ಲಿ ಅವನ ಇಂಗ್ಲಿಷ್–ಇಟಾಲಿಯನ್ ನಿಘಂಟು ಹೊರಬಂದಾಗ ಅದಕ್ಕೆ ಅರ್ಪಣೆಯ ಮಾತು ಬರೆದುಕೊಟ್ಟವನು ಇಂಗ್ಲಿಷಿನ ಹೆಸರಾಂತ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್. ಕಿಟೆಲ್ಲರ ನಿಘಂಟನ್ನು ಬಳಸುವ ನಮಗೆ ಇಂಥ ದುಡಿಮೆಯ ಬೆಲೆ ಗೊತ್ತು.

ಅದೇ ವರ್ಷ ತಾಯ್ನಾಡಿಗೆ ಹೊರಟ ಬರೆತ್ತಿಗೆ, ದಿನವೂ ಆದಷ್ಟು ವಿವರವಾಗಿ ಬರೆದಿಡಬೇಕೆಂದು ಜಾನ್ಸನ್ ಒತ್ತಿ ಹೇಳಿದ್ದನಂತೆ; ಮುನ್ನುಡಿಯಲ್ಲಿ ಬರೆತ್ತಿಯೇ ಇದನ್ನು ನೆನೆದಿದ್ದಾನೆ. ಆ ಸಲಹೆ ಫಲ ಕೊಟ್ಟಿರುವುದು ದಾರಿಯಲ್ಲಿ ಸಿಕ್ಕ ಪೋರ್ಚುಗಲ್ಲಿನ ಲಿಸ್ಬನ್ ಕುರಿತ ಪತ್ರಗಳಲ್ಲಿ. 1755ರ ಭೂಕಂಪವಾಗಿ ಐದು ವರ್ಷ ಕಳೆದರೂ ತೆರವಾಗದ ಅವಶೇಷಗಳ ನಡುವೆ ಮುದುಕಿಯೊಬ್ಬಳು ಅವನನ್ನು ಹಿಡಿದು ನಿಲ್ಲಿಸಿ, ತಾನೀಗ ವಾಸವಾಗಿರುವ ನೆಲಮಾಳಿಗೆಯನ್ನು ತೋರಿಸುತ್ತಾಳೆ. ಮನೆ ಕುಸಿದಾಗ ಒಂಬತ್ತು ದಿನ ಅದರೊಳಗೇ ಸಿಕ್ಕಿಬಿದ್ದಿದ್ದ ಅವಳನ್ನು ಬದುಕಿಸಿದ್ದು ಅಲ್ಲಿ ತೂಗುಹಾಕಿದ್ದ ದ್ರಾಕ್ಷಿ. ಈ ಪುಟವನ್ನು ನಾನು ಮೂರು ಸಲ ಓದಿದೆ.

ವೆನಿಸ್ಸಿನಲ್ಲಿ ಅವನು 1763ರಲ್ಲಿ ಆರಂಭಿಸಿದ ವಿಮರ್ಶಾ ಪತ್ರಿಕೆಯ ಹೆಸರಿಗೆ ‘ಸಾಹಿತ್ಯದ ಚಾವಟಿ’ ಎಂದರ್ಥ. 1765ರಲ್ಲಿ ಅಲ್ಲಿನ ಆಡಳಿತ ಅದನ್ನು ನಿಲ್ಲಿಸಿತು. ಮತ್ತೆ ಲಂಡನ್ನಿಗೆ ಮರಳಿದವನು 1769ರಲ್ಲಿ ಬೀದಿಜಗಳದಲ್ಲಿ ಹಣ್ಣು ಕತ್ತರಿಸುವ ಚಾಕುವಿನಿಂದ ಒಬ್ಬನನ್ನು ಇರಿದು ಕೊಂದ ಆರೋಪದ ಮೇಲೆ ನ್ಯಾಯಾಲಯದಲ್ಲಿ ನಿಂತ. ಜಾನ್ಸನ್, ರಾಜಕಾರಣಿ ಬರ್ಕ್, ನಟ ಗ್ಯಾರಿಕ್ ಅವನ ನಡತೆಯ ಪರವಾಗಿ ಸಾಕ್ಷಿ ನುಡಿದರು, ಆತ್ಮರಕ್ಷಣೆಯೆಂದು ಬಿಡುಗಡೆಯಾಯಿತು. ಈ ಕಥನ ಅಚ್ಚಾದದ್ದು ಮರುವರ್ಷವೇ ಎಂಬುದನ್ನು ಮರುಮುದ್ರಣದ ಪ್ರಕಾಶಕರು ಒಂದು ಸಾಲಿನಲ್ಲಾದರೂ ತಿಳಿಸಬೇಕಿತ್ತು. ಪರಿಚಯದ ಪುಟವೇ ಇಲ್ಲ.

ಮುದ್ರಣ ಸಮಾಧಾನ ತರುವಂತಿಲ್ಲ. ಆ ಕಾಲದ ಉದ್ದನೆಯ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುವುದರಿಂದ ‘ಸೇಮ್’ ಎಂಬುದನ್ನು ಕಣ್ಣು ‘ಫೇಮ್’ ಎಂದೇ ಓದುತ್ತದೆ. ಇಪ್ಪತ್ತು ಪುಟಗಳಾದ ಮೇಲೆ ರೂಢಿಯಾಗುತ್ತದೆ. ಆದರೆ ಮಸುಕಾದ ಪುಟಗಳಿಗೂ ಒಳ ಅಂಚಿನಲ್ಲಿ ನುಂಗಿಹೋದ ಅಕ್ಷರಗಳಿಗೂ ರೂಢಿ ಪರಿಹಾರವಲ್ಲ. ಮೂರನೆಯ ಸಂಪುಟದಲ್ಲಿ ಹಾಳೆಗಳು ಹಿಂದುಮುಂದಾಗಿದ್ದವು. ಅಂಗಡಿಯವರು ಎದುರುಮಾತಾಡದೆ ಹತ್ತು ದಿನಗಳಲ್ಲಿ ಬದಲಿ ಪ್ರತಿ ತರಿಸಿಕೊಟ್ಟರು. ನಾಲ್ಕನ್ನೂ ಒಟ್ಟಿಗೆ ಕೊಳ್ಳುವವರು ಅಂಗಡಿಯಲ್ಲೇ ಪುಟ ತಿರುವಿ ನೋಡಿ, ಲಿಸ್ಬನ್ ಪತ್ರಗಳು ಸ್ಪಷ್ಟವಾಗಿವೆಯೇ ಎಂದು ಖಚಿತಪಡಿಸಿಕೊಂಡು ಹಣ ಕೊಡುವುದು ಒಳ್ಳೆಯದು.