ತೋಟದ ಲೆಕ್ಕಕ್ಕೆ ಹಳೆಯ ಲ್ಯಾಪ್‌ಟಾಪ್, ಡೆಬಿಯನ್ ಲಿನಕ್ಸ್: ಎರಡೂವರೆ ವರ್ಷದ ಬಳಕೆಯ ನಂತರ

ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದ ಲೆಕ್ಕಪತ್ರಕ್ಕೆಂದು 2023ರ ಆಗಸ್ಟ್‌ನಲ್ಲಿ ನಾನು ಕೊಂಡದ್ದು, ಕಚೇರಿಯೊಂದರಲ್ಲಿ ಬಳಸಿ ಮಾರಿದ, ಏಳನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ಇರುವ 14 ಇಂಚಿನ ಲ್ಯಾಪ್‌ಟಾಪ್. ಈ ತಲೆಮಾರಿನ ಬಹುತೇಕ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಆಗಲೇ ತಿಳಿದಿದ್ದರಿಂದ ಮೊದಲ ದಿನವೇ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಒಂದಾದ ಡೆಬಿಯನ್ 12 ಹಾಕಿದೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಲಿನಕ್ಸ್ ಬಳಸುವವರು ಮುಚ್ಚಳದ ಮೇಲಿನ ಹೆಸರಿಗಿಂತ ಒಳಗಿನ ಚಿಪ್‌ಗಳ ಹೆಸರನ್ನು ನೋಡಿ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಹಿಂದಿನ ಲ್ಯಾಪ್‌ಟಾಪ್‌ನ ವೈಫೈ ಚಿಪ್‌ಗೆ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು ಭಾಗ) ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಇರಲಿಲ್ಲ; ಹೊರಗಿನಿಂದ ತಂದು ಸೇರಿಸಿದ ಡ್ರೈವರ್ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ ಈ ಸಲ ಅಂಗಡಿಯಲ್ಲೇ ಪೆನ್‌ಡ್ರೈವ್‌ನಿಂದ, ಇನ್‌ಸ್ಟಾಲ್ ಮಾಡದೆಯೇ ನಡೆಯುವ ಲೈವ್ ಡೆಬಿಯನ್ ಚಾಲೂ ಮಾಡಿ, ವೈಫೈ, ಧ್ವನಿ, ಕ್ಯಾಮೆರಾ ಎಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ಹಣ ಕೊಟ್ಟೆ. ಇದರಲ್ಲಿರುವುದು ಇಂಟೆಲ್ ವೈಫೈ ಕಾರ್ಡ್. 12ನೇ ಆವೃತ್ತಿಯಿಂದ ಡೆಬಿಯನ್ ಇಂಥ ಕಾರ್ಡುಗಳಿಗೆ ಬೇಕಾದ, ಮುಕ್ತವಲ್ಲದ (ಮೂಲ ಕೋಡ್ ಬಹಿರಂಗವಲ್ಲದ) ಫರ್ಮ್‌ವೇರನ್ನೂ (ಯಂತ್ರದ ಭಾಗಗಳೊಳಗೇ ನಡೆಯುವ ತಂತ್ರಾಂಶ) ಅಧಿಕೃತ ಇನ್‌ಸ್ಟಾಲರ್‌ನೊಳಗೇ ಕೊಡುತ್ತಿರುವುದರಿಂದ ಅದನ್ನು ಬೇರೆಯಾಗಿ ಹುಡುಕುವ ತೊಂದರೆಯೂ ಬರಲಿಲ್ಲ.

ಜುಲೈಯಲ್ಲಿ ವಾರವಾದರೂ ಬಟ್ಟೆ ಒಣಗದ ನಮ್ಮ ಕಡೆ ಕೀಲಿಮಣೆಗೆ ತೇವವೇ ದೊಡ್ಡ ಶತ್ರು. 2024ರ ಮಳೆಗಾಲದಲ್ಲಿ ಎರಡು ಕೀಲಿಗಳು ಕಚ್ಚಿಕೊಂಡಾಗ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬೇರೆ ಕೀಲಿಮಣೆ ತರಿಸಿ, ತಳದ ಸ್ಕ್ರೂಗಳನ್ನು ಬಿಚ್ಚಿ ನಾನೇ ಬದಲಿಸಿದೆ. ರ‍್ಯಾಮನ್ನು 16 ಜಿಬಿಗೆ ಏರಿಸಿದ್ದೂ ಹಾಗೆಯೇ. ತೆಳುವಾದ ಹೊಸ ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುವುದು ಸಾಮಾನ್ಯವಾದ್ದರಿಂದ, ಬಿಚ್ಚಿ ಕಟ್ಟಬಹುದಾದ ಈ ರಚನೆಯನ್ನು ನಾನು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುತ್ತೇನೆ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲವಾದ್ದರಿಂದ ಬ್ಯಾಟರಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಉಳಿದ ತಿಂಗಳುಗಳಲ್ಲಿ, ಬ್ಯಾಟರಿ ಬೇಗ ಸವೆಯದಿರಲೆಂದು, ವಿದ್ಯುತ್ ಬಳಕೆ ನಿಯಂತ್ರಿಸುವ ಟಿಎಲ್‌ಪಿ ತಂತ್ರಾಂಶದ ಮೂಲಕ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸಿ, ಮಳೆ ಹಿಡಿದ ಮೇಲೆ ಪೂರ್ತಿ ತುಂಬಿಸುತ್ತೇನೆ. ಈ ಸೌಲಭ್ಯ ಎಲ್ಲ ಯಂತ್ರಗಳಲ್ಲೂ ಸಿಗುವುದಿಲ್ಲ. ಫರ್ಮ್‌ವೇರ್ ಮತ್ತು ಕರ್ನಲ್ ಡ್ರೈವರ್ ಎರಡೂ ಅದಕ್ಕೆ ಅವಕಾಶ ಕೊಡಬೇಕು. ಮೊದಮೊದಲು ಮುಚ್ಚಳ ಮುಚ್ಚಿಟ್ಟರೂ ಬೆಳಗಾಗುವಷ್ಟರಲ್ಲಿ ಐದನೇ ಒಂದು ಭಾಗ ಚಾರ್ಜ್ ಇಳಿದಿರುತ್ತಿತ್ತು. ನಿದ್ರಾಸ್ಥಿತಿಯನ್ನು ಹಗುರ ನಿದ್ರೆಯಾದ ಎಸ್2ಐಡಲ್‌ನಿಂದ, ಬಹುತೇಕ ಭಾಗಗಳಿಗೆ ವಿದ್ಯುತ್ ನಿಲ್ಲಿಸುವ ಡೀಪ್‌ಗೆ ಬದಲಿಸಿದ ಮೇಲೆ ಆ ಸೋರಿಕೆ ಹೆಚ್ಚುಕಡಿಮೆ ನಿಂತಿದೆ.

ಕನ್ನಡ ಟೈಪಿಂಗ್‌ಗೆ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಸೆಟ್ಟಿಂಗ್‌ನಲ್ಲೇ ಸಿದ್ಧವಾಗಿದೆ. ಕುಯ್ಲಿನ ತೂಕ, ಆಳುಗಳ ವಾರದ ಬಟವಾಡೆ ಎಲ್ಲವನ್ನೂ ಎಕ್ಸೆಲ್‌ನಂಥ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದೇನೆ.

ಕೊರತೆಗಳೂ ಇವೆ. ಕಾಫಿ ಒಣಗಿಸುವ ಕಣದ ಬಿಸಿಲಿನಲ್ಲಿ ಪರದೆಯ ಬೆಳಕು ಸಾಲದೆ, ತೂಕವನ್ನು ಮೊದಲು ಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಒಳಗೆ ಬಂದು ತುಂಬಿಸಬೇಕಾಗುತ್ತದೆ. ಬೆರಳಚ್ಚು ಸಾಧನಕ್ಕೆ ಡ್ರೈವರ್ ಸಿಗಲೇ ಇಲ್ಲ; 2025ರ ಅಕ್ಟೋಬರ್‌ನಲ್ಲಿ ಡೆಬಿಯನ್ 13ಕ್ಕೆ ಏರಿದ ಮೇಲೂ ಅದು ಕೆಲಸ ಮಾಡುತ್ತಿಲ್ಲ.