ಬೀದರಿನ ಕ್ರೈಸ್ತ ಸಭೆಗಳಲ್ಲಿ ಕೊಡುವ ಕಾಣಿಕೆ ಕವರ್: ತಿಂಗಳದ್ದೋ, ವಾರದ್ದೋ?

12 ಕವರ್‌ಗಳ ತಿಂಗಳ ಸೆಟ್ (ತಿಂಗಳಿಗೊಂದು ಕವರಿಗೆ ಕಾಣಿಕೆ ಹಾಕಿ ತರುವುದು) ಸಂಬಳದವರಿಗೆ ಸರಿ. ಕೂಲಿ ಮನೆಗಳಿಗೆ ಅದನ್ನು ಕೊಡಲೇಬಾರದು. ಶನಿವಾರ ಬಟವಾಡೆ, ಭಾನುವಾರ ಸಂತೆ. ತಿಂಗಳ ಕೊನೆಗೆ ಕವರಿಗೆ ಏನೂ ಉಳಿಯುವುದಿಲ್ಲ, ನಾಚಿಕೆಪಟ್ಟು ಜನ ಆರಾಧನೆಯನ್ನೇ ತಪ್ಪಿಸುತ್ತಾರೆ. 52 ಕವರ್‌ಗಳ ವಾರದ ಸೆಟ್ ಇವರಿಗೆ ಒಳ್ಳೆಯದು. ದಿನಕ್ಕೆ 500ರಂತೆ ಐದು ದಿನ ದುಡಿದರೆ 2,500, ಅದರ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, 250. ಬಟವಾಡೆ ಕೈಗೆ ಬಂದ ರಾತ್ರಿಯೇ ಕವರಿಗೆ ಹಾಕಿ, ಮೇಲೆ ಮೊತ್ತ ಬರೆಯಿರಿ. ಸಂಘದ ಸಾಲದ ಕಂತು ಬಾಕಿಯಿದ್ದರೆ 50 ಹಾಕಿದರೂ ಸಾಕು. ಸಾಲ ತಂದು ಕವರ್ ತುಂಬಬೇಡಿ: ಇದ್ದದ್ದಕ್ಕೆ ತಕ್ಕಂತೆ ಕೊಟ್ಟದ್ದೇ ಮೆಚ್ಚುಗೆ ಎಂದು ಬೈಬಲಿನ 2 ಕೊರಿಂಥ 8:12 ಸ್ಪಷ್ಟವಾಗಿ ಹೇಳುತ್ತದೆ. ಕೆಲಸ ಸಿಗದ ವಾರ ದಿನಾ ರೊಟ್ಟಿ ಹಿಟ್ಟಿನಿಂದ ಒಂದು ಹಿಡಿ ತೆಗೆದಿಟ್ಟು ಅದನ್ನೇ ತನ್ನಿ.

ಕಾಗದ ತೆಳು, ನಾಣ್ಯ ಹಾಕಿದರೆ ಮೂಲೆ ಹರಿಯುತ್ತದೆ. ಮಳೆಗಾಲದಲ್ಲಿ ಅಂಟು ತಾನೇ ಹಿಡಿದುಕೊಳ್ಳುತ್ತದೆ, ಸ್ಟೀಲ್ ಡಬ್ಬಿಯಲ್ಲಿಡಿ. ದೊಡ್ಡ ಕೊರತೆ ಬೇರೆ: ಕವರಿನ ಮೇಲೆ ಹೆಸರು ಬರೆಯಲು ಜಾಗ ಇಟ್ಟಿರುವುದು. ಮೊತ್ತವನ್ನು ಎಲ್ಲರೆದುರು ಓದುವ ಕಡೆ ಯೇಸು ಮೆಚ್ಚಿದ ಬಡ ವಿಧವೆಯ ಎರಡು ಕಾಸಿಗೆ ಬೆಲೆ ಎಲ್ಲಿ? ಹೆಸರಿನ ಬದಲು ನಂಬರ್ ಹಾಕಿ, ಇಬ್ಬರು ಕೂಡಿ ಎಣಿಸಿ, ರಸೀದಿ ಕೊಡಲಿ. ಸುಗ್ಗಿ ಹಬ್ಬಕ್ಕೆ ಮಾತ್ರ ಕವರ್ ಬೇಡ, ಸೇರು ತೊಗರಿ ತಂದರಾಯಿತು.